ಕ್ಲಚ್ಚಿನ ಮೇಲಿನ ಕಾಲು

ಗೇರ್‌ಬಾಕ್ಸ್ ಕೆಳಗಿಳಿಯುವ ಹೊತ್ತಿಗೆ ತಮ್ಮನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ದುಡಿದು ಬಂದ ಬೆವರಲ್ಲ ಅದು. ದುಡಿಮೆಯೆಲ್ಲ ಅಕ್ಕನದು. ಅವಳು ಕಾರಿನಡಿ ಅಂಗಾತ ಮಲಗಿ ಒಂದೊಂದೇ ಬೋಲ್ಟ್ ಬಿಚ್ಚಿ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಇವನ ಪಾಲಿಗೆ ಬಂದದ್ದು ಟಾರ್ಚ್ ಹಿಡಿಯುವ ಕೆಲಸ, ಅದನ್ನೂ ಅವನು ನೆಟ್ಟಗೆ ಮಾಡಿರಲಿಲ್ಲ.

“ಬೆಳಕು ಬೋಲ್ಟ್ ಮೇಲೆ ಬಿಡೋ. ನನ್ನ ಮೂಗನ್ನೇನು ಬಿಚ್ಚಬೇಕಾಗಿಲ್ಲ,” ಎಂದು ಅಕ್ಕ ಕೆಳಗಿನಿಂದ ಗದರಿದಳು.

ಈ ಕಾರಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಲ್ಕು ಬಾಗಿಲಿನ ಹಳೆಯ ಗಾಡಿ. ವಾರದ ದಿನಗಳಲ್ಲಿ ಸಾಧು. ಅಕ್ಕನನ್ನು ಬಸ್ಸುಗಳ ವರ್ಕ್‌ಶಾಪಿಗೆ ಬಿಡುತ್ತದೆ, ಸೊಂಟದ ಮೂಳೆ ಮುರಿದು ಕೂಡಿಸಿಕೊಂಡ ಅಮ್ಮನನ್ನು ವ್ಯಾಯಾಮ ಮಾಡಿಸುವ ಆಸ್ಪತ್ರೆಗೆ ಕರೆದೊಯ್ಯುತ್ತದೆ, ತರಕಾರಿ ತರುತ್ತದೆ. ಭಾನುವಾರ ಬಂತೆಂದರೆ ಅದೇ ಗಾಡಿ ಊರಾಚೆಯ ಹಳೆಯ ವಿಮಾನದ ಓಡುದಾರಿಯಲ್ಲಿ ಇನ್ನೊಂದು ಕಾರಿನ ಪಕ್ಕ ನಿಂತು, ದೀಪ ಹಸಿರಾದೊಡನೆ ಹುಚ್ಚು ಹಿಡಿದಂತೆ ನೇರ ಓಡುತ್ತದೆ. ಎಂಜಿನ್ ಬಿಚ್ಚಿ, ಕೆರೆದು, ಗಾಳಿ ತುರುಕಿ ಬಲ ಕೂಡಿಸುವ ದೊಡ್ಡ ಟರ್ಬೋ ಕೂರಿಸಿ ಹೀಗೆ ಮಾಡಿದವಳು ಅಕ್ಕ. ಓಡಿಸುವವನು ತಮ್ಮ. ವಾರವಿಡೀ ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳುವವನಾದ್ದರಿಂದ ರೇಸಿನವರು ಅವನನ್ನು ‘ಮೇಷ್ಟ್ರು’ ಎಂದು ಕರೆಯುತ್ತಿದ್ದರು. ಆ ಹೆಸರಿನಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂದು ಅವನು ಯಾವತ್ತೂ ಕೇಳಲು ಹೋಗಿರಲಿಲ್ಲ.

ಈಚೆಗೆ ಗಾಡಿಗೆ ಒಂದು ರೋಗ ಹಿಡಿದಿತ್ತು. ಮೂರನೇ ಗೇರಿನಲ್ಲಿ, ಇನ್ನೇನು ಗೆರೆ ದಾಟಬೇಕು ಎನ್ನುವಾಗ ಎಂಜಿನ್ ಕಿರುಚುತ್ತಿತ್ತು, ಕಾರು ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಕ್ಲಚ್ ಜಾರುತ್ತಿದೆ ಎಂದು ನೋಡಿದವರೆಲ್ಲ ಹೇಳಿದರು. ಎಂಜಿನ್ನಿನ ಶಕ್ತಿಯನ್ನು ಗಟ್ಟಿಯಾಗಿ ಹಿಡಿದು ಚಕ್ರಕ್ಕೆ ದಾಟಿಸಬೇಕಾದದ್ದು ಕ್ಲಚ್. ಅದರ ಹಿಡಿತ ಸಡಿಲವಾದರೆ ಟರ್ಬೋ ಇದ್ದೂ ದಂಡ. ಎಂಜಿನ್ ಬೆಳೆದಿದೆ, ಕ್ಲಚ್ ಬೆಳೆದಿಲ್ಲ, ಗಟ್ಟಿಯಾದದ್ದು ಹಾಕಿಸಿ ಎಂದು ಎಲ್ಲರದೂ ಒಂದೇ ಸಲಹೆ.

ಬೇರೆ ಕಾರಣ ಗೊತ್ತಿದ್ದವನು ಒಬ್ಬನೇ. ಅವನೀಗ ಟಾರ್ಚ್ ಹಿಡಿದು ಬೆವರುತ್ತಿದ್ದ.

ಕಾರಣ ಅವನ ಎಡಗಾಲು. ಹಿಂದಿನ ರೇಸ್ ಋತುವಿನ ಕೊನೆಯಲ್ಲಿ ಒಂದು ಓಟದಲ್ಲಿ ಗೆರೆ ದಾಟುವ ಮುಂಚೆ ಕಾರಿನ ಹಿಂಭಾಗ ಪಕ್ಕಕ್ಕೆ ಸರಿದು, ಕಬ್ಬಿಣದ ತಡೆಗೋಡೆ ಕಿಟಕಿಯ ತುಂಬ ಬಂದುಬಿಟ್ಟಿತ್ತು. ಹೇಗೋ ತಿರುಗಿಸಿ ಉಳಿಸಿಕೊಂಡ. ಜನ ಚಪ್ಪಾಳೆ ತಟ್ಟಿದರು, ಅಕ್ಕ ಬೆನ್ನು ತಟ್ಟಿದಳು. ಆವತ್ತಿನಿಂದ ವೇಗ ಏರಿದೊಡನೆ ಅವನ ಎಡಗಾಲು ತಾನಾಗಿ ಎದ್ದು ಕ್ಲಚ್ ಪೆಡಲಿನ ಮೇಲೆ ಕೂರುತ್ತಿತ್ತು. ಹೆದರಿದರೆ ಬೇರೆಯವರ ಕಾಲು ಬ್ರೇಕಿಗೆ ಹೋಗುತ್ತದೆ. ಇವನದು ಮೇಷ್ಟ್ರ ಕಾಲು. ಕಲಿಯುವವರು ಗಾಬರಿಬಿದ್ದು ಆಕ್ಸಿಲರೇಟರ್ ಒತ್ತಿದಾಗೆಲ್ಲ ಪಕ್ಕದ ಸೀಟಿನಲ್ಲಿ ಮೇಷ್ಟ್ರಿಗೆಂದೇ ಇರುವ ಇನ್ನೊಂದು ಕ್ಲಚ್ ಒತ್ತಿ ಅವರನ್ನು ಉಳಿಸಿ ಉಳಿಸಿ, ಆ ಕಾಲಿಗೆ ಕಾಪಾಡುವ ದೇವರೆಂದರೆ ಕ್ಲಚ್ಚೇ ಎಂದಾಗಿತ್ತು. ಪೂರ್ತಿ ಒತ್ತುತ್ತಿರಲಿಲ್ಲ, ಸುಮ್ಮನೆ ಭಾರ ಬಿಡುತ್ತಿತ್ತು. ಹಿಡಿತ ಸಡಿಲವಾಗಲು ಅಷ್ಟು ಸಾಕು. ದಿನ ಬೆಳಗಾದರೆ “ಕ್ಲಚ್ ಮೇಲೆ ಕಾಲಿಟ್ಕೊಂಡು ಓಡಿಸ್ಬೇಡಿ, ಸುಟ್ಟುಹೋಗುತ್ತೆ” ಎಂದು ಊರಿಗೆಲ್ಲ ಬೋಧಿಸುವವನ ಕಾಲು! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಕಾಲು ಮಾಡಿದ ಕೆಲಸ ಒಳಗೆ ಗುರುತು ಬಿಟ್ಟಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಕ್ಕನಿಗೆ ಅದು ಕಾಣದೆ ಹೋಗುವುದಿಲ್ಲ ಎಂದೂ ಗೊತ್ತಿತ್ತು.

ಅಕ್ಕ ಹೊರಗೆ ತೆವಳಿ ಬಂದು ಕುಕ್ಕರಗಾಲಲ್ಲಿ ಕೂತು, ಕಳಚಿದ ಕ್ಲಚ್ ಪ್ಲೇಟನ್ನು ತೊಡೆಯ ಮೇಲಿಟ್ಟು ಒರೆಸಿದಳು. ಪ್ಲೇಟ್ ಕರಕಲಾಗಿತ್ತು. ಅದು ಅವಳಿಗೆ ಆಶ್ಚರ್ಯವಲ್ಲ. ಆಮೇಲೆ ಬೇರಿಂಗ್ ಕೈಗೆತ್ತಿಕೊಂಡಳು. ಪೆಡಲ್ ಒತ್ತಿದಾಗ ಮಾತ್ರ ತಿರುಗಬೇಕಾದ ಬೇರಿಂಗ್ ಅದು. ಬಿಸಿಯುಂಡು ನೀಲಿಗಟ್ಟಿತ್ತು, ಗ್ರೀಸು ಒಣಗಿ ಹುಡಿಯಾಗಿತ್ತು. ಅವಳು ಅದನ್ನು ಬೆರಳಲ್ಲಿ ತಿರುಗಿಸಿದಳು. ಕರಕರ ಎಂದಿತು. ಇನ್ನೊಮ್ಮೆ ತಿರುಗಿಸಿದಳು.

ಈಗ ಕೇಳುತ್ತಾಳೆ, ಎಂದುಕೊಂಡ ತಮ್ಮ.

“ತಪ್ಪು ನಂದೇ ಕಣೋ,” ಎಂದಳು ಅಕ್ಕ.

ಅವನು ಟಾರ್ಚ್ ಆರಿಸಿದ, ಯಾಕೆಂದು ಗೊತ್ತಿಲ್ಲದೆ.

“ಪೆಡಲ್‌ಗೆ ಆಡೋಕೆ ಒಂಚೂರು ಸಡಿಲ ಬಿಟ್ಟಿಲ್ಲ ನಾನು. ಬಿಚ್ಚೋ ಮುಂಚೆ ಅಳೆದು ನೋಡ್ಲಿಲ್ಲ, ಆದ್ರೆ ಕೇಬಲ್ ಬಿಗಿ ಮಾಡ್ಬಿಟ್ಟಿದ್ದೀನಿ. ಬೇರಿಂಗ್ ಸದಾ ಒತ್ಕೊಂಡೇ ಇತ್ತು, ಅದಕ್ಕೇ ಕ್ಲಚ್ ಪೂರ್ತಿ ಹಿಡೀತಿರ್ಲಿಲ್ಲ. ಅಮ್ಮ ಬಿದ್ದ ದಿನ ಅಲ್ವಾ ಇದನ್ನ ಜೋಡಿಸಿದ್ದು? ಆಸ್ಪತ್ರೆಯಿಂದ ಬಂದು ಜೋಡ್ಸಿದೆ. ತಲೆ ನೆಟ್ಟಗಿರ್ಲಿಲ್ಲ.” ಅವಳು ಬೇರಿಂಗನ್ನು ನೆಲದ ಮೇಲಿಟ್ಟಳು. “ಇದರಲ್ಲಿ ನಿನ್ನ ಕೂರಿಸಿ ಅಷ್ಟು ಸ್ಪೀಡಲ್ಲಿ ಕಳಿಸ್ತಿದ್ನಲ್ಲೋ.”

ಬಿಗಿಯಾದ ಕೇಬಲ್ಲೂ ಹೆದರಿದ ಕಾಲೂ ಬಿಡುವ ಗುರುತು ಒಂದೇ. ಅಷ್ಟು ದೊಡ್ಡ ಮೆಕ್ಯಾನಿಕ್ ಆದ ಅಕ್ಕನಿಗೆ ಇನ್ನೊಂದು ಕಾರಣ ಹೊಳೆಯಲೇ ಇಲ್ಲ, ಯಾಕೆಂದರೆ ತಮ್ಮನ ಕಾಲಿನ ಮೇಲೆ ಅವಳಿಗೆ ಸಂಶಯವೇ ಇರಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ತಮ್ಮನಿಗೆ ಮೊದಲು ಆದದ್ದು ಆ ನಿರಾಳವೇ. ನಾಚಿಕೆ ಬಂದದ್ದು ತಡವಾಗಿ, ಅಕ್ಕ ಕೈ ತೊಳೆಯಲು ಹೋದ ಮೇಲೆ. ಬಾಯಿಬಿಡಲು ಅವನಿಗೆ ಬೇಕಾದಷ್ಟು ಹೊತ್ತಿತ್ತು. ಬಿಡಲಿಲ್ಲ.

ಬಿಡಿಭಾಗಗಳ ಅಂಗಡಿಯವನು ಒಂದು ಕಾಲದ ರೇಸುಗಾರ. ಸೈಲೆನ್ಸರ್ ಇಲ್ಲದ ಗಾಡಿಗಳ ನಡುವೆ ಬದುಕಿ ಅವನ ಕಿವಿ ಮಂದವಾಗಿತ್ತು. ಹಾಗಾಗಿ ಗುಟ್ಟಿನ ಮಾತನ್ನೂ ಬೀದಿಗೆ ಕೇಳುವಂತೆ ಆಡುತ್ತಿದ್ದ. ಕೌಂಟರಿನ ಮೇಲೆ ಎರಡು ಕ್ಲಚ್ ತಂದಿಟ್ಟ. ಒಂದು ನೋಡಲು ಹಳೆಯದರಂತೆಯೇ ಇತ್ತು, ಗುಂಡಗೆ, ಸುತ್ತಲೂ ಕಂದು ಬಣ್ಣದ ಲೈನಿಂಗ್. ಇನ್ನೊಂದರಲ್ಲಿ ಸುತ್ತ ಲೈನಿಂಗೇ ಇಲ್ಲ. ನಕ್ಷತ್ರದಂತೆ ಚಾಚಿದ ತೋಳುಗಳ ತುದಿಗೆ ಸೆರಾಮಿಕ್ಕಿನ ದಪ್ಪ ಬಿಲ್ಲೆಗಳು.

“ಇದು ಮೆತ್ತಂದು!” ಎಂದು ಅವನು ಮೊದಲನೆಯದನ್ನು ತಟ್ಟಿ ಕೂಗಿದ. “ಸ್ಪ್ರಿಂಗ್ ಗಟ್ಟಿ, ಆದರೆ ಹಿಡಿಯೋದು ನಿಧಾನ. ಅಮ್ಮನ್ನ ಕೂರಿಸ್ಕೊಂಡು ಹೋಗ್ಬಹುದು. ರೇಸಲ್ಲೂ ತಕ್ಕಮಟ್ಟಿಗೆ ತಡ್ಕೊಳ್ಳುತ್ತೆ. ಇದು ರಾಕ್ಷಸ! ನಿಮ್ಮ ಟರ್ಬೋ ಅಲ್ಲ, ಅದರಪ್ಪ ಬಂದ್ರೂ ಜಾರಲ್ಲ. ಆದರೆ ಇದಕ್ಕೆ ಅರ್ಧಂಬರ್ಧ ಅನ್ನೋದು ಗೊತ್ತಿಲ್ಲ. ಹಿಡಿದ್ರೆ ಹಿಡೀತು, ಬಿಟ್ರೆ ಬಿಡ್ತು. ಸಿಗ್ನಲ್ಲಲ್ಲಿ ಕುಪ್ಪಳಿಸುತ್ತೆ. ಪೆಡಲ್ ಕಲ್ಲು.”

“ಜಾರಲ್ಲ ತಾನೇ?” ಎಂದು ಅಕ್ಕ ಕೇಳಿದಳು. ಅವಳು ನಕ್ಷತ್ರದ ಬಿಲ್ಲೆಯನ್ನು ಹೆಬ್ಬೆರಳಲ್ಲಿ ಉಜ್ಜುತ್ತಿದ್ದಳು.

“ಕ್ಲಚ್ ಮೇಲೆ ಕಾಲಿಟ್ಕೊಂಡು ಓಡಿಸೋ ಕೆಟ್ಟ ಚಾಳಿ ಇರೋರಿಗೆ ಮಾತ್ರ ನಾನಿದನ್ನ ಮಾರಲ್ಲ! ಮೆತ್ತಂದ್ರ ಮೇಲೆ ಕಾಲಿಟ್ರೆ ಮೆತ್ತಗೆ ಜಾರುತ್ತೆ, ಸುಡುತ್ತೆ, ಅಷ್ಟೇ. ಇದ್ರ ಮೇಲೆ ಇಟ್ರೆ ಒಂದು ಗಳಿಗೆ ಪೂರ್ತಿ ಬಿಡುತ್ತೆ, ಇನ್ನೊಂದು ಗಳಿಗೆ ಕಚ್ಚುತ್ತೆ. ಆ ಸ್ಪೀಡಲ್ಲಿ ಕಚ್ಚಿದ್ರೆ ಹಿಂದಿನ ಚಕ್ರ ಹಿಡಿತ ಬಿಟ್ಟು ಗಾಡಿ ಗಿರ್ರಂತ ತಿರುಗುತ್ತೆ. ಆಮೇಲೆ ಗೋಡೆ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುವಂತೆ ತಮ್ಮ ತನ್ನ ಎಡಗಾಲನ್ನು ಬಲಗಾಲಿನ ಹಿಂದಕ್ಕೆ ಎಳೆದುಕೊಂಡ. ಅಕ್ಕ ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ ನಕ್ಕದ್ದು.

“ನನ್ನ ತಮ್ಮ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಕಣಣ್ಣ. ಊರಿಗೆಲ್ಲ ಕಾಲು ಎಲ್ಲಿಡ್ಬೇಕು ಅಂತ ಹೇಳ್ಕೊಡೋನೇ ಇವನು.”

“ಮೆತ್ತಂದೇ ಸಾಕು ಅಕ್ಕ,” ಎಂದ ತಮ್ಮ. “ಅಮ್ಮನ ಸೊಂಟ... ಟ್ರಾಫಿಕ್ಕಲ್ಲಿ ಕುಪ್ಪಳಿಸಿದ್ರೆ ನೋವಾಗುತ್ತೆ.”

“ಕಳೆದ ವಾರ ನೀನೇ ಅಲ್ವಾ ಗಟ್ಟಿದು ಬೇಕು, ಗಟ್ಟಿದು ಬೇಕು ಅಂತ ಕುಣೀತಿದ್ದೋನು?”

ಹೌದು, ಕುಣಿದಿದ್ದ. ಎಲ್ಲರೂ ಹೇಳಿದ್ದನ್ನೇ ತಾನೂ ಜೋರಾಗಿ ಹೇಳಿದರೆ ಯಾರೂ ಕಾಲಿನ ಕಡೆ ನೋಡುವುದಿಲ್ಲ ಎಂಬ ಲೆಕ್ಕಾಚಾರ ಅದು.

ಅಕ್ಕನ ಮುಖದ ನಗು ಇಳಿಯಿತು. “ಗೊತ್ತಾಯ್ತು ಬಿಡು. ಗಟ್ಟಿ ಕ್ಲಚ್ ಹಾಕಿದ್ರೆ ಪೂರ್ತಿ ಸ್ಪೀಡು ಬರುತ್ತೆ, ಅದನ್ನ ಜೋಡ್ಸೋಳು ಇವಳು, ಮತ್ತೆ ಏನು ತಪ್ಪು ಮಾಡಿರ್ತಾಳೋ ಅಂತ ತಾನೇ ನಿನ್ನ ಯೋಚ್ನೆ? ನೇರವಾಗೇ ಹೇಳು, ಬೇಜಾರಿಲ್ಲ.”

“ಅಯ್ಯೋ, ಹಾಗಲ್ಲ ಅಕ್ಕ.”

“ಮತ್ತೆ ಹೇಗೆ?”

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಅವನು ನಿಂತ. ನುಂಗಲೂ ಆಗದು, ಉಗುಳಲೂ ಆಗದು. ಅಂಗಡಿಯವನು ಇಬ್ಬರ ಮುಖವನ್ನೂ ನೋಡಿ, ಮನೆಯ ಜಗಳ ಮನೆಯಲ್ಲೇ ಇರಲಿ ಎಂದು ಕೂಗಿ ಒಳಗೆ ಹೋದ. ಅಕ್ಕ ನಕ್ಷತ್ರದ ಕ್ಲಚ್ಚನ್ನೇ ಎತ್ತಿಕೊಂಡಳು. “ನನ್ನ ಕೈ ತಪ್ಪಿದ್ರೂ ಇದು ಜಾರಲ್ಲ,” ಎಂದಳು.

ಹೊಸ ಕ್ಲಚ್ಚನ್ನು ಒಮ್ಮೆಲೇ ರೇಸಿಗೆ ಒಯ್ಯುವಂತಿಲ್ಲ. ಕೆಲವು ವಾರ ಊರೊಳಗೆ ನಿಧಾನ ಓಡಿಸಿ, ನಿಲ್ಲಿಸಿ, ಹೊರಡಿಸಿ, ಬಿಲ್ಲೆಗಳು ಎದುರಿನ ಲೋಹಕ್ಕೆ ಒಗ್ಗುವಂತೆ ಪಳಗಿಸಬೇಕು. ಆ ಕೆಲಸ ತಮ್ಮನ ಪಾಲಿಗೆ ಬಂತು. ಪಳಗಬೇಕಾದದ್ದು ಕ್ಲಚ್ಚೋ ತಾನೋ ಎಂದು ಅವನಿಗೆ ದಿನವೂ ಅನುಮಾನ. ಪೆಡಲ್ ಒತ್ತಿ ಒತ್ತಿ ತೊಡೆ ಸೆಳೆಯುತ್ತಿತ್ತು. ಪ್ರತಿ ಸಿಗ್ನಲ್ಲಿನಲ್ಲೂ ಕಾರು ಗದಗದ ನಡುಗಿ ಮುಂದಕ್ಕೆ ಹಾರುತ್ತಿತ್ತು. ಒಂದು ಸಲ ಅವನದೇ ಶಿಷ್ಯೆಯೊಬ್ಬಳು ಪಕ್ಕದ ಸ್ಕೂಟರಿನಿಂದ ಬಗ್ಗಿ ನೋಡಿ, “ಸರ್, ಕ್ಲಚ್ ನಿಧಾನ ಬಿಡಿ ಸರ್,” ಎಂದು ಅವನ ಪಾಠವನ್ನು ಅವನಿಗೇ ಒಪ್ಪಿಸಿ ಹೋದಳು.

ಅಮ್ಮನಂತೂ ಹಿಂದಿನ ಸೀಟಿನಲ್ಲಿ ಎರಡು ದಿಂಬು ಇಟ್ಟುಕೊಂಡೇ ಹತ್ತುತ್ತಿದ್ದಳು. “ಕಾರು ಅಂತ ಹೇಳಿ ಕುದುರೆ ತಂದಿದ್ದೀರಲ್ರೋ,” ಎನ್ನುವಳು. “ಡಾಕ್ಟರಿಗೆ ಹೇಳ್ಬೇಕು, ವ್ಯಾಯಾಮ ದಾರಿಯಲ್ಲೇ ಮುಗೀತು ಅಂತ.”

ಅವನು ನಗುತ್ತಿದ್ದ, ಕಣ್ಣು ಮಾತ್ರ ಕೆಳಗೆ. ಕಾಲು ಎಲ್ಲಿದೆ? ನೆಲದ ಮೇಲಿದೆ. ಈಗ? ನೆಲದ ಮೇಲೇ ಇದೆ. ಹೀಗೆ ಕಾಲನ್ನು ಕಾಯುತ್ತ ಕಾಯುತ್ತ ಗಾಡಿ ಓಡಿಸುವುದು ಹೇಗೆ? ಕಾಯುವುದನ್ನು ಮರೆತ ಗಳಿಗೆಯಲ್ಲಿ ಅದು ಎದ್ದಿರುತ್ತಿತ್ತು. ಊರೊಳಗಿನ ವೇಗದಲ್ಲಿ ಅದರಿಂದ ಹಾನಿಯೇನೂ ಇರಲಿಲ್ಲ. ಆದರೆ ರೇಸಿನ ಭಾನುವಾರ ಹತ್ತಿರ ಬರುತ್ತಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಅಂಗಡಿಯವನ ದನಿ ‘ಆಮೇಲೆ ಗೋಡೆ!’ ಎಂದು ಕೂಗುತ್ತಿತ್ತು. ಹೇಗೂ ಭಾನುವಾರದೊಳಗೆ ಜ್ವರವೋ ಭೇದಿಯೋ ಬರಿಸಿಕೊಂಡರಾಯಿತು ಎಂದು ಯೋಚಿಸುವಷ್ಟು ಅವನು ಇಳಿದಿದ್ದ.

ಗೋಡೆ ಭಾನುವಾರದ ತನಕ ಕಾಯಲಿಲ್ಲ. ಅವನೂ ಅಮ್ಮನೂ ಆಸ್ಪತ್ರೆಯಿಂದ ಬರುವಾಗ ಮೇಲ್ಸೇತುವೆ ಹತ್ತುತ್ತಿದ್ದರು. ಮುಂದೆ ಮರಳಿನ ಲಾರಿ. ದಾಟೋಣವೆಂದು ಅವನು ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದ, ಟರ್ಬೋ ತುಂಬಿಕೊಂಡಿತು, ಕಾರು ನುಗ್ಗಿತು. ಆಗ ಲಾರಿ ಸ್ವಲ್ಪ ಇವನ ಕಡೆ ವಾಲಿತು. ಎಡಗಾಲು ಯಾರನ್ನೂ ಕೇಳಲಿಲ್ಲ. ಎಂಜಿನ್ ಒಮ್ಮೆ ಕಿರುಚಿತು, ಮರುಗಳಿಗೆ ಕ್ಲಚ್ ಕಚ್ಚಿತು, ಕಾರಿನ ಹಿಂಭಾಗ ಒದ್ದಂತೆ ಪಕ್ಕಕ್ಕೆ ಹಾರಿತು. ಸೇತುವೆಯ ಕಟ್ಟೆ ಅಮ್ಮ ಕೂತ ಕಡೆಯ ಕಿಟಕಿಗೆ ಕೈಯಳತೆಗೆ ಬಂದು ಹೋಯಿತು. ಗಾಡಿ ನೆಟ್ಟಗಾಗಿ ನಿಂತಾಗ ಹಿಂದಿನವರೆಲ್ಲ ಹಾರ್ನ್ ಬಾರಿಸುತ್ತಿದ್ದರು. ಅಮ್ಮ ಸೀಟಿನಿಂದ ಜಾರಿ ಕಾಲಿಡುವ ಜಾಗದಲ್ಲಿ ಕೂತಿದ್ದಳು, ಒಂದು ದಿಂಬನ್ನು ಎದೆಗೆ ಅಪ್ಪಿಕೊಂಡು.

“ಅಮ್ಮಾ!”

“ನಂಗೇನೂ ಆಗಿಲ್ಲ. ನಿಂಗೆ?” ಎಂದಳು ಅಮ್ಮ. ಅವನು ಅವಳನ್ನು ಎತ್ತಿ ಮತ್ತೆ ಸೀಟಿನ ಮೇಲೆ ಕೂರಿಸಿದ.

ಮನೆಯಲ್ಲಿ ಅಮ್ಮ ಅಕ್ಕನಿಗೆ ಹೇಳಿದ್ದು ಇಷ್ಟೇ: “ಗಾಡಿ ಕೆಳಗೆ ಏನೋ ಹಿಡ್ಕೊಂಡ ಹಾಗಾಯ್ತಮ್ಮ, ಅಷ್ಟೇ. ಇವನು ಇದ್ದಿದ್ದಕ್ಕೆ ಉಳಿದ್ವಿ.” ತಮ್ಮ ಬಾಗಿಲ ಬಳಿ ನಿಂತು ಕೇಳಿಸಿಕೊಂಡ. ಅಕ್ಕ ಚಹಾದ ಲೋಟವನ್ನು ಹಾಗೇ ಇಟ್ಟು ಶೆಡ್ಡಿಗೆ ನಡೆದಳು. ಕತ್ತಲಾಗುವ ತನಕ ಕಾರಿನಡಿಯಿಂದ ಅವಳ ಕಾಲು ಮಾತ್ರ ಕಾಣುತ್ತಿತ್ತು. ಕೇಬಲ್ ಅಳೆದಳು, ಸಡಿಲಿಸಿದಳು, ಮತ್ತೆ ಅಳೆದಳು. ಎಲ್ಲ ಸರಿಯಾಗೇ ಇತ್ತು. ಎಲ್ಲ ಸರಿಯಾಗಿರುವುದೇ ಅವಳನ್ನು ಇನ್ನಷ್ಟು ಹೆದರಿಸಿತು. ತಪ್ಪು ಇದ್ದೂ ತನ್ನ ಕಣ್ಣಿಗೆ ಕಾಣುತ್ತಿಲ್ಲ ಎಂದು ಅವಳು ತಿಳಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಬರೆ ಎಲ್ಲಿಯವರೆಗೆ ಇಳಿಯಿತೆಂದು ಅವನಿಗೆ ಗೊತ್ತಾದದ್ದು ಊಟದ ಹೊತ್ತಿಗೆ. ಅಕ್ಕನ ವರ್ಕ್‌ಶಾಪಿನಲ್ಲಿ ಬಸ್ಸುಗಳ ಬ್ರೇಕು, ಕ್ಲಚ್ಚುಗಳ ವಿಭಾಗಕ್ಕೆ ಮುಖ್ಯಸ್ಥನಾಗಿದ್ದವನು ನಿವೃತ್ತನಾಗುತ್ತಿದ್ದ. ಆ ಜಾಗ ನಿನಗೇ ಎಂದು ಎಂಜಿನಿಯರು ಅವಳನ್ನು ಕರೆದು ಹೇಳಿದ್ದರು. ಕೆಲಸಕ್ಕೆ ಸೇರಿದ ದಿನದಿಂದ ಅವಳು ಕಣ್ಣಿಟ್ಟಿದ್ದ ಜಾಗ ಅದು. ಹಿಂದಿನ ತಿಂಗಳು ಆ ಸುದ್ದಿ ತಂದಾಗ ಅವಳು ಅಮ್ಮನನ್ನು ಮಂಚದ ಮೇಲೇ ತಬ್ಬಿಕೊಂಡು ಕುಣಿಸಲು ಹೋಗಿ ಬೈಸಿಕೊಂಡಿದ್ದಳು.

“ಬೇಡ ಅನ್ನೋಣ ಅಂತಿದ್ದೀನಿ,” ಎಂದಳು ಈಗ, ತಟ್ಟೆ ನೋಡುತ್ತ. “ಬಸ್ಸಲ್ಲಿ ಮಕ್ಕಳು ಮರಿ ಕೂತಿರ್ತಾರೆ. ಮನೆ ಗಾಡಿದೇ ಒಂದು ಕ್ಲಚ್ ನೆಟ್ಟಗೆ ಜೋಡ್ಸೋಕೆ ಬರ್ದೇ ಇರೋಳು ಅಲ್ಲಿ ಹೋಗಿ ಸಹಿ ಹಾಕ್ಲಾ, ಇದು ಸರಿಯಿದೆ ಅಂತ? ಇವತ್ತು ಅಮ್ಮನ್ನೇ...” ಮುಂದೆ ಹೇಳಲಾಗದೆ ನೀರು ಕುಡಿದಳು.

ಈಗ ಹೇಳು, ಎಂದುಕೊಂಡ ತಮ್ಮ. ಹೇಳು ಮುಠ್ಠಾಳ, ಈಗಲೇ ಹೇಳು. ಅಮ್ಮ ಎದುರಿಗೆ ಕೂತಿದ್ದಳು, ಇವನಿದ್ದಿದ್ದಕ್ಕೆ ಉಳಿದೆ ಎಂದು ನಂಬಿಕೊಂಡು. ಅಮ್ಮ ಮಲಗಲಿ, ಆಮೇಲೆ ಎಂದುಕೊಂಡ. ಅಮ್ಮ ಮಲಗಿದ ಮೇಲೆ, ಅಕ್ಕ ದಣಿದಿದ್ದಾಳೆ, ಬೆಳಿಗ್ಗೆ ಎಂದುಕೊಂಡ. ಬೆಳಿಗ್ಗೆ ಅವಳು ಬೇಗ ಬಸ್ಸು ಹಿಡಿದು ಹೊರಟುಹೋಗಿದ್ದಳು. ಕಾರು ಮುಟ್ಟಿರಲಿಲ್ಲ.

ಆ ದಿನ ಡ್ರೈವಿಂಗ್ ಸ್ಕೂಲಿನಲ್ಲಿ ಅವನು ಯಾರಿಗೂ ನೆಟ್ಟಗೆ ಪಾಠ ಹೇಳಲಿಲ್ಲ. ಸಂಜೆ ಹೊತ್ತಿಳಿಯುವ ಮುಂಚೆ ಮನೆಗೆ ಬಂದಾಗ ಅಕ್ಕ ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದಳು, ಇನ್ನೂ ಕೆಲಸದ ಬಟ್ಟೆಯಲ್ಲೇ.

“ಅಕ್ಕ, ಆ ಕೆಲಸದ ವಿಷಯ...”

“ಆಯ್ತು ಬಿಡು. ಬೇಡ ಅಂತ ಬೆಳಿಗ್ಗೇನೇ ಹೇಳ್ಬಿಟ್ಟೆ. ಮಧ್ಯಾಹ್ನ ಇನ್ನೊಬ್ಬರ ಹೆಸರು ಬೋರ್ಡಿಗೆ ಹಾಕಿದ್ರು.” ಅವಳ ದನಿಯಲ್ಲಿ ಅಳು ಇರಲಿಲ್ಲ, ಏನೂ ಇರಲಿಲ್ಲ. “ಸಿಹಿ ಹಂಚಿದ್ರು. ನಾನೂ ತಿಂದೆ.”

ಒಂದು ರಾತ್ರಿ ತಡ ಮಾಡಿದ್ದ, ಒಂದೇ ರಾತ್ರಿ. ಆ ಹೊತ್ತಿನಲ್ಲೂ ಅವನೊಳಗಿನ ಹೇಡಿ ಕಿವಿಯಲ್ಲಿ ಒಂದು ಮಾತು ಊದಿದ: ಆಗಬೇಕಾದ ನಷ್ಟ ಆಗಿಹೋಯಿತು, ಇನ್ನು ಹೇಳಿ ಏನು ಪ್ರಯೋಜನ? ಹೇಳಿದರೆ ಅವಳಿಗೆ ಕೆಲಸವೂ ಇಲ್ಲ, ತಮ್ಮನೂ ಇಲ್ಲ. ಸುಮ್ಮನಿದ್ದರೆ ತಮ್ಮನಾದರೂ ಉಳಿಯುತ್ತಾನೆ. ಕೇಳಲು ಎಷ್ಟು ಚೆನ್ನಾಗಿತ್ತು! ಅವನು ಅದನ್ನೇ ಹಿಡಿದು ನಿಂತುಬಿಡುತ್ತಿದ್ದನೇನೋ, ಅಕ್ಕ ಮುಂದಿನ ಮಾತು ಆಡದೆ ಇದ್ದಿದ್ದರೆ.

“ನಾಳೆ ಗಾಡೀನ ಬೇರೆ ಯಾವುದಾದ್ರೂ ಗ್ಯಾರೇಜಿಗೆ ತಗೊಂಡ್ಹೋಗು,” ಎಂದಳು ಅವಳು. “ಒಳ್ಳೆ ಮೆಕ್ಯಾನಿಕ್ ಯಾರಿಗಾದ್ರೂ ತೋರ್ಸು. ನಾನು ಮುಟ್ಟಲ್ಲ.” ಹೇಳಿ, ಎರಡು ಅಂಗೈಗಳನ್ನೂ ಪ್ಯಾಂಟಿಗೆ ಒರೆಸಿಕೊಂಡಳು. ಅಲ್ಲಿ ಒರೆಸುವಂಥ ಕೊಳೆಯೇನೂ ಇರಲಿಲ್ಲ.

“ಅಕ್ಕ, ಒಂದ್ಸಲ ಕಾರಲ್ಲಿ ಕೂರು.”

“ಯಾಕೆ?”

“ಕೂರು ಅಕ್ಕ. ದಮ್ಮಯ್ಯ.”

ಗೋದಾಮುಗಳ ಹಿಂದಿನ ರಸ್ತೆ ಉದ್ದಕ್ಕೆ ನೇರವಾಗಿತ್ತು. ಸಂಜೆ ಶಿಫ್ಟಿನ ಲಾರಿಗಳು ಹೋಗಿಯಾಗಿತ್ತು, ಇಕ್ಕೆಲದಲ್ಲೂ ಬರಿಯ ಮಣ್ಣಿನ ಬಯಲು. ಅವನು ಕಾರು ನಿಲ್ಲಿಸಿ ಸೀಟುಬೆಲ್ಟ್ ಎಳೆದು ನೋಡಿದ, ಅಕ್ಕನದೂ ಎಳೆದು ನೋಡಿದ. ಮಾತಿನಲ್ಲಿ ಹೇಳಿದರೆ ಅವಳು ನಂಬುವುದಿಲ್ಲ, ತನ್ನನ್ನು ಸಮಾಧಾನ ಮಾಡಲು ತಪ್ಪು ಮೈಮೇಲೆ ಹಾಕಿಕೊಳ್ಳುತ್ತಿದ್ದಾನೆ ಎನ್ನುತ್ತಾಳೆ. ಅವಳನ್ನು ಅವನು ಬಲ್ಲ.

“ರಸ್ತೆ ನೋಡ್ಬೇಡ ಅಕ್ಕ. ನನ್ನ ಎಡಗಾಲು ನೋಡು. ನಾನು ನಿಲ್ಸೋವರೆಗೂ ಅದನ್ನೇ ನೋಡು.”

ಅವಳು ಒಮ್ಮೆ ಅವನ ಮುಖ ನೋಡಿದಳು. ಆಮೇಲೆ ಬಗ್ಗಿ ಕಾಲನ್ನು ನೋಡತೊಡಗಿದಳು.

ಒಂದನೇ ಗೇರು. ಎರಡು. ಕಾಲು ಕೆಳಗಿತ್ತು. ಮೂರಕ್ಕೆ ಹಾಕಿ ಒತ್ತಿದ. ಟರ್ಬೋ ತುಂಬಿತು, ಬೆನ್ನು ಸೀಟಿಗೆ ಒತ್ತಿತು, ಬಯಲಿನ ಕಂಬಗಳು ಒಂದಕ್ಕೊಂದು ಅಂಟಿಕೊಂಡವು. ತಡೆಯಲಿಲ್ಲ ಅವನು, ಇವತ್ತು ಕಾಲನ್ನು ಕಾಯಲಿಲ್ಲ. ಅದು ನಿಧಾನ ಎದ್ದಿತು. ಸಾಕಿದ ಬೆಕ್ಕು ತನ್ನ ಜಾಗಕ್ಕೆ ಹೋಗುವಂತೆ ಹೋಗಿ ಪೆಡಲಿನ ಮೇಲೆ ಕೂತಿತು. ಎಂಜಿನ್ ಕಿರುಚಿತು. ಕ್ಲಚ್ ಕಚ್ಚಿತು. ಕಾರು ಬಾಲ ಒದರಿ ಅರ್ಧ ರಸ್ತೆ ಅಡ್ಡ ಹೋಯಿತು. ಅಕ್ಕನ ತಲೆ ಕಿಟಕಿಗೆ ಬಡಿಯಿತು. ಅವನು ಎರಡೂ ಕಾಲು ಎತ್ತಿ, ಸ್ಟಿಯರಿಂಗ್ ಹಿಡಿದು, ಗಾಡಿಯನ್ನು ತಾನಾಗಿ ನಿಲ್ಲಲು ಬಿಟ್ಟ.

ಧೂಳು ಇಳಿಯಿತು.

“ಇನ್ನೊಂದ್ಸಲ,” ಎಂದಳು ಅಕ್ಕ.

“ಅಕ್ಕ...”

“ಇನ್ನೊಂದ್ಸಲ ಓಡ್ಸು. ನಿಧಾನಕ್ಕೆ. ನಾನು ನೋಡ್ಬೇಕು.”

ಇನ್ನೊಮ್ಮೆ ಓಡಿಸಿದ, ಅಷ್ಟು ಜೋರಿಲ್ಲದೆ. ಆದರೂ ಎದ್ದಿತು ಕಾಲು. ಈ ಸಲ ಅಕ್ಕ ಕೈ ಚಾಚಿ, ಅದು ಪೆಡಲ್ ತಲುಪುವ ಮುಂಚೆಯೇ ಅವನ ಮೊಣಕಾಲನ್ನು ಒತ್ತಿ ಹಿಡಿದಳು. ಗಾಡಿ ಮೂರನೇ ಗೇರಿನಲ್ಲಿ ಒಂದಿಷ್ಟೂ ಅಲುಗದೆ ನೇರ ಓಡಿತು. ಜಾರಲಿಲ್ಲ, ಕಚ್ಚಲಿಲ್ಲ.

ನಿಂತ ಮೇಲೆ ಅವಳು ತೊಡೆಯ ಮೇಲೆ ಎರಡು ಕೈಗಳನ್ನೂ ಬಿಡಿಸಿಟ್ಟುಕೊಂಡು ನೋಡುತ್ತಿದ್ದಳು. ಆಮೇಲೆ ಅಳು ಬಂತು, ದೊಡ್ಡದಾಗಿ, ಹೆಗಲೆಲ್ಲ ಕುಲುಕುವಂತೆ. ನಡುನಡುವೆ “ಸರಿ ಇತ್ತು” ಎನ್ನುತ್ತಿದ್ದಳು. “ಕೇಬಲ್ ಸರಿ ಇತ್ತು. ನಾನು ಸರಿಯಾಗೇ ಹಾಕಿದ್ದೆ.” ಅದನ್ನು ಅವನಿಗೆ ಹೇಳುತ್ತಿರಲಿಲ್ಲ.

“ಯಾವಾಗಿಂದ?” ಎಂದು ಕೇಳಿದಳು ಕೊನೆಗೆ.

“ಆ ಗೋಡೆ ಹತ್ರ ಹೋಗಿ ಬಂದೆನಲ್ಲ, ಅವತ್ತಿಂದ.”

“ನೀಲಿ ಬೇರಿಂಗ್ ಕೈಯಲ್ಲಿಟ್ಕೊಂಡು ತಪ್ಪು ನಂದು ಅಂದಾಗ ನೀನು ಪಕ್ಕದಲ್ಲೇ ನಿಂತಿದ್ದೆ.”

“ನಿಂತಿದ್ದೆ.”

“ಸೇತುವೆ ಮೇಲೆ?”

“ಕಾಲೇ.”

“ನಿನ್ನೆ ರಾತ್ರಿ ಊಟಕ್ಕೆ ಕೂತಾಗ?”

ಅವಳು ಮುಖ ಒರೆಸಿಕೊಂಡಳು.

“ಹೆದರಿಕೆ ಆಗುತ್ತೆ ಅಕ್ಕ, ಅಂತ ಒಂದು ಮಾತು. ಅಷ್ಟು ಹೇಳಿದ್ರೆ ನಿನ್ನ ನುಂಗ್ಬಿಡ್ತಿದ್ನಾ ನಾನು?”

“ನೀನು ಕಟ್ಟಿದ ಗಾಡಿ ಅಕ್ಕ ಇದು. ಇದಕ್ಕೆ ಹೆದರ್ತೀನಿ ಅಂದ್ರೆ ನಿನ್ನ ಕೈ ಮೇಲೆ ನಂಗೆ ನಂಬಿಕೆ ಇಲ್ಲ ಅಂದ ಹಾಗಾಗುತ್ತೆ ಅಂತ...” ಹೇಳುತ್ತಿದ್ದಂತೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವನಿಗೇ ಕಂಡು, ಅರ್ಧಕ್ಕೇ ನಿಲ್ಲಿಸಿದ.

“ಈಗ ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲದ ಹಾಗೆ ಮಾಡಿದ್ಯಲ್ಲೋ,” ಎಂದಳು ಅಕ್ಕ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮೆಲ್ಲಗೆ, ಏನೋ ವಿಚಾರಿಸುವವಳಂತೆ ಹೇಳಿದ್ದಳು. ಅವನು ಅವಳ ಕೈ ಹಿಡಿಯ ಹೋದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

“ಇಳಿ.”

ಅವನು ಇಳಿದ. ಅವಳು ಈಚೆ ಸೀಟಿಗೆ ಸರಿದು, ಸೀಟನ್ನು ಮುಂದಕ್ಕೆಳೆದುಕೊಂಡು, ಕನ್ನಡಿ ತಿರುಗಿಸಿಕೊಂಡಳು. ಪೆಡಲನ್ನು ಒಂದು ಸಲ ಪೂರ್ತಿ ಒತ್ತಿ ಬಿಟ್ಟು ನೋಡಿದಳು. ಕಾರು ನಡುಗದೆ, ಕುಪ್ಪಳಿಸದೆ ಹೊರಟಿತು. ಆ ಕ್ಲಚ್ಚಿನಲ್ಲಿ ಹಾಗೆ ಹೊರಡಿಸುವುದು ಇಷ್ಟು ದಿನದಲ್ಲಿ ಅವನಿಗೆ ಒಮ್ಮೆಯೂ ಸಾಧ್ಯವಾಗಿರಲಿಲ್ಲ. ರಸ್ತೆಯ ನಡುವೆ ನಿಂತು ಅವನು ಕಿವಿಗೊಟ್ಟು ಕೇಳಿದ. ಎರಡನೇ ಗೇರು ಬಿತ್ತು. ಮೂರನೆಯದು ಬಿತ್ತು. ಸದ್ದು ಎಲ್ಲೂ ಒಡೆಯದೆ ಏರುತ್ತಲೇ ಹೋಯಿತು.

ರಸ್ತೆಯ ಕೊನೆಯಲ್ಲಿ ಅವಳು ತಿರುಗಿಸಿಕೊಂಡು ಬಂದಾಳೆಂದು ಅವನು ಕಾದ. ಕಾರು ತಿರುವಿನಲ್ಲಿ ಮರೆಯಾಯಿತು, ಸ್ವಲ್ಪ ಹೊತ್ತಿಗೆ ಸದ್ದೂ ಮನೆಯ ದಿಕ್ಕಿನಲ್ಲಿ ದೂರವಾಗಿ ಅಡಗಿತು. ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು, ಮಗ ಇದ್ದುದರಿಂದ ಬದುಕಿದೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು. ಅವಳಿಗೂ ನಿಜ ಹೇಳಬೇಕಿತ್ತು. ಅಕ್ಕ ತಲುಪುವ ಮುಂಚೆ ತಾನು ತಲುಪುವುದು ಸಾಧ್ಯವಿಲ್ಲ ಎಂದು ಗೊತ್ತಿದ್ದರೂ ಅವನು ಬೇಗಬೇಗ ನಡೆಯತೊಡಗಿದ.